ಕಬ್ಬಿಣದೊಳಗಿನ ಮನುಷ್ಯ

ಹೋದ ತಿಂಗಳ ನಮ್ಮ ಸಂಘದ ಸಭೆಯಲ್ಲಿ ಕತೆ, ಕವಿತೆಗಳ ಓದು ಮುಗಿದು ಕಾಫಿ ಬರುವ ಹೊತ್ತಿಗೆ ಮಾತು ಹೇಗೋ ಯುದ್ಧದ ಕಡೆಗೆ ತಿರುಗಿತು. ಕೊನೆಯ ವರ್ಷದ ಗೆಳೆಯನೊಬ್ಬ, "ಉಕ್ರೇನಿನಲ್ಲಿ ನೋಡಲಿಲ್ಲವೇನ್ರಯ್ಯ? ಟ್ಯಾಂಕಿನ ಕಾಲ ಮುಗೀತು. ಸಾವಿರಗಳ ಲೆಕ್ಕದ ಡ್ರೋನು ಕೋಟಿಗಳ ಲೆಕ್ಕದ ಟ್ಯಾಂಕನ್ನು ಸುಡುತ್ತೆ. ಇನ್ನೂ ಅದಕ್ಕೆ ದುಡ್ಡು ಸುರಿಯೋದು ಶುದ್ಧ ದಡ್ಡತನ" ಅಂದ. ಇನ್ನೊಬ್ಬ ಮೇಜು ಕುಟ್ಟಿ, "ನಮ್ಮ ಜವಾನರಿಗೆ ಜಗತ್ತಿನಲ್ಲೇ ಅತ್ಯುತ್ತಮ ಟ್ಯಾಂಕು ಬೇಕು, ಎಷ್ಟಾದರೂ ಆಗಲಿ" ಅಂದ. ಮೂರನೆಯವಳು, "ಎರಡೂ ಬೇಡ, ಆ ದುಡ್ಡಿನಲ್ಲಿ ಶಾಲೆ ಕಟ್ಟಿ" ಅಂದಳು. ಕಾಫಿ ತಣ್ಣಗಾಯಿತು. ಯಾರೂ ಯಾರನ್ನೂ ಒಪ್ಪಿಸಲಿಲ್ಲ.

ನಾನು ಅವತ್ತು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು ಅಂತ ಹಾಸ್ಟೆಲಿಗೆ ಬಂದಮೇಲೆ ಅನ್ನಿಸಿತು. ಆಡದೆ ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ.

ನಾವು ಓದುತ್ತಿರುವ ಈ ಚೆನ್ನೈಗೂ ಟ್ಯಾಂಕಿಗೂ ಹಳೆಯ ನಂಟಿದೆ. ಸೆಂಟ್ರಲಿನಿಂದ ಲೋಕಲ್ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಆವಡಿ ಬರುತ್ತದೆ. 1961ರಲ್ಲಿ ಅಲ್ಲಿ ಭಾರೀ ವಾಹನಗಳ ಕಾರ್ಖಾನೆ ಶುರುವಾಯಿತು. 1965ರಲ್ಲಿ ಬ್ರಿಟಿಷ್ ವಿಕರ್ಸ್ ಮಾದರಿಯ 'ವಿಜಯಂತ' ಅಲ್ಲಿಂದ ಹೊರಬಂತು. ಆಮೇಲೆ ರಷ್ಯದ ಟಿ-72 'ಅಜೇಯ' ಆಯಿತು, ಟಿ-90 'ಭೀಷ್ಮ' ಆಯಿತು. ನಮ್ಮವರೇ ನಕ್ಷೆ ಬರೆದ 'ಅರ್ಜುನ್' ಹುಟ್ಟಿದ್ದೂ ಅಲ್ಲೇ. ನಾವು ಭಾನುವಾರ ತಿರುವಳ್ಳೂರಿಗೋ ಅರಕ್ಕೋಣಕ್ಕೋ ಹೋಗುವಾಗ ಕಿಟಕಿಯಾಚೆ ದಾಟಿಹೋಗುವ ಊರು ಅದು. ದೇಶದ ಟ್ಯಾಂಕುಗಳ ತವರುಮನೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಕಾರ್ಖಾನೆಯಿಂದ ಅಲ್ಲ, ನನ್ನ ಸೋದರಮಾವನಿಂದ. ಹಾಸನದ ಕಡೆಯವರು. ಸೈನ್ಯದಲ್ಲಿ ಟ್ಯಾಂಕ್ ಚಾಲಕರಾಗಿದ್ದು, ರಾಜಸ್ಥಾನದಲ್ಲಿ ವರ್ಷಗಟ್ಟಲೆ ಮರಳು ತಿಂದು, ಈಗ ಊರಿನಲ್ಲಿ ಆಲೂಗೆಡ್ಡೆ ಬೆಳೆಯುತ್ತಾರೆ. ಚಿಕ್ಕವನಾಗಿದ್ದಾಗ ನಾನು, "ಮಾವ, ಟ್ಯಾಂಕಿನೊಳಗೆ ಕೂತರೆ ರಾಜನ ಹಾಗೆ ಇರುತ್ತಾ?" ಅಂತ ಕೇಳಿದ್ದೆ. ಅವರು ನಕ್ಕರು. "ರಾಜನೂ ಇಲ್ಲ, ಮಂತ್ರೀನೂ ಇಲ್ಲ ಕಣೋ. ಮೇ ತಿಂಗಳ ಬಿಸಿಲಲ್ಲಿ ಮುಚ್ಚಳ ಹಾಕಿದ ಹಂಡೆಯೊಳಗೆ ಕೂತ ಹಾಗೆ. ಹೊರಗೆ ಏನಿದೆ ಅಂತ ಒಂದು ಗಾಜಿನ ಸೀಳಿನಲ್ಲಿ ಕಂಡಷ್ಟೇ ಲೋಕ. ಬೆನ್ನ ಹಿಂದೆ ಗುಂಡು, ಮದ್ದು. ದೇವರ ಮೇಲೆ ಭಾರ ಹಾಕಿ ಗೇರು ಹಾಕೋದು."

ಸೈನ್ಯದ ಆಧುನೀಕರಣದ ಬಗ್ಗೆ ಪತ್ರಿಕೆಗಳಲ್ಲಿ ಏನೇ ಓದಿದರೂ ನನಗೆ ಆ ಹಂಡೆ ನೆನಪಾಗುತ್ತದೆ. ಎಷ್ಟು ಟನ್, ಎಷ್ಟು ಮಿಲಿಮೀಟರ್ ತೋಪು, ಎಷ್ಟು ಸಾವಿರ ಕೋಟಿ ಅನ್ನುವ ಲೆಕ್ಕಗಳೆಲ್ಲ ಬರುತ್ತವೆ. ಒಳಗೆ ಕೂತ ಮೂರು ಅಥವಾ ನಾಲ್ಕು ಜನರ ಲೆಕ್ಕ ಬರುವುದಿಲ್ಲ. ನನ್ನ ವಾದ ಇಷ್ಟೇ: ಹಳೆಯ ಟ್ಯಾಂಕಿಗೆ ಹೊಸ ಭಾಗ ಹಾಕುವುದಿರಲಿ, ಹೊಸ ಟ್ಯಾಂಕನ್ನೇ ಕಟ್ಟುವುದಿರಲಿ, ಒಳಗಿನವನ ಮೂರು ಪ್ರಶ್ನೆಗಳಿಂದ ಅದನ್ನು ಅಳೆಯಬೇಕು. ನನಗೆ ಕಾಣುತ್ತದೆಯೇ? ಹೋಗಬೇಕಾದ ಕಡೆ ಹೋಗಲು ಆಗುತ್ತದೆಯೇ? ಏಟು ಬಿದ್ದರೆ ನಾನು ಬದುಕಿ ಬರುತ್ತೇನೆಯೇ?

ಮೊದಲು ಕಾಣುವ ಮಾತು. ಟ್ಯಾಂಕುಗಳ ಯುದ್ಧದಲ್ಲಿ ಮೊದಲು ಕಂಡವನು ಮೊದಲು ಹೊಡೆಯುತ್ತಾನೆ, ಮೊದಲು ಹೊಡೆದವನು ಸಾಮಾನ್ಯವಾಗಿ ಗೆಲ್ಲುತ್ತಾನೆ. 1991ರ ಫೆಬ್ರವರಿ 26ರಂದು ಇರಾಕಿನ ಮರುಭೂಮಿಯಲ್ಲಿ ಇದು ಲೋಕಕ್ಕೇ ಗೊತ್ತಾಯಿತು. ಮರಳ ಗಾಳಿಯ ನಡುವೆ ಅಮೆರಿಕದ ಟ್ಯಾಂಕುಗಳು ಇರಾಕಿನ ಟಿ-72ಗಳನ್ನು ಸಾಲಾಗಿ ಸುಟ್ಟವು. ಅಮೆರಿಕದವರ ಬಳಿ ಶಾಖವನ್ನೇ ಚಿತ್ರವಾಗಿ ತೋರಿಸುವ ಥರ್ಮಲ್ ದೂರದರ್ಶಕ ಇತ್ತು. ಇಂಜಿನ್ನು ಬಿಸಿಯಾದರೆ ಸಾಕು, ಕತ್ತಲಲ್ಲೂ ಧೂಳಲ್ಲೂ ಟ್ಯಾಂಕು ಬೆಳ್ಳಗೆ ಹೊಳೆಯುತ್ತದೆ. ಹಳೆಯ ಟಿ-72ರಲ್ಲಿದ್ದದ್ದು ಇನ್‌ಫ್ರಾರೆಡ್ ದೀಪ. ಕಣ್ಣಿಗೆ ಕಾಣದ ಬೆಳಕನ್ನು ಮುಂದೆ ಚೆಲ್ಲಿ, ಅದು ತಿರುಗಿ ಬಂದಾಗ ನೋಡುವ ವ್ಯವಸ್ಥೆ. ದೂರ ಕಾಣುವುದಿಲ್ಲ, ಅದೂ ಸಾಲದೆ ಅದೇ ಬೆಳಕು ಶತ್ರುವಿನ ಉಪಕರಣಕ್ಕೆ ನಮ್ಮನ್ನು ತೋರಿಸಿಕೊಡುತ್ತದೆ. ಕತ್ತಲಲ್ಲಿ ಬ್ಯಾಟರಿ ಹಿಡಿದು ಕಳ್ಳನನ್ನು ಹುಡುಕಿದ ಹಾಗೆ. ನಮಗೆ ಕಳ್ಳ ಕಾಣುವ ಮೊದಲು ಕಳ್ಳನಿಗೆ ನಾವು ಕಾಣುತ್ತೇವೆ.

ನಮ್ಮ ಸೈನ್ಯದಲ್ಲಿ ಟಿ-72ಗಳು ಎರಡು ಸಾವಿರಕ್ಕೂ ಮಿಕ್ಕಿ ಇವೆ. 1991ರ ಪಾಠ ಕಣ್ಣೆದುರೇ ಇದ್ದರೂ ಇವಕ್ಕೆ ಥರ್ಮಲ್ ಕಣ್ಣು ಹಾಕುವ ಕೆಲಸ ಕಂತು ಕಂತಾಗಿ, ವರ್ಷಗಟ್ಟಲೆ ಎಳೆದುಕೊಂಡು ನಡೆಯಿತು. 2001ರಲ್ಲಿ 310 ಟಿ-90ಗಳಿಗೆ ಒಪ್ಪಂದವಾಯಿತು. ಅದರಲ್ಲಿ ಥರ್ಮಲ್ ಕಣ್ಣು ಇತ್ತು. ಆದರೆ ರಾಜಸ್ಥಾನದ ಬಿಸಿಗೆ ಅದು ಬಳಲುತ್ತಿದೆ ಅಂತ ಪತ್ರಿಕೆಗಳಲ್ಲಿ ಸುದ್ದಿ ಬಂತು. ಒಳಗೆ ಏರ್ ಕಂಡೀಷನ್ ಬೇಕು ಅಂದಾಗ ಕೆಲವರಿಗೆ ಅದು ಸುಖದ ಬೇಡಿಕೆಯಾಗಿ ಕಾಣುತ್ತದೆ. ಮಾವನ ಹಂಡೆಯನ್ನು ನೆನೆಯಿರಿ. ಅಲ್ಲಿ ಮನುಷ್ಯ ಬೇಯುತ್ತಾನೆ, ಅವನ ಜೊತೆ ಎಲೆಕ್ಟ್ರಾನಿಕ್ಸೂ ಬೇಯುತ್ತದೆ.

ಎರಡನೆಯದು, ಹೋಗುವ ಮಾತು. ಇಲ್ಲಿ ನಮ್ಮ ಕೊಡಗಿನ ಕತೆಯೊಂದು ಬರುತ್ತದೆ. 1948ರಲ್ಲಿ ಲಡಾಖಿನ ದಾರಿಯಲ್ಲಿ ಝೋಜಿ ಲಾ ಕಣಿವೆ ಶತ್ರುವಿನ ಕೈಯಲ್ಲಿತ್ತು. ಸುಮಾರು 11,500 ಅಡಿ ಎತ್ತರ. ಕಾಲಾಳುಗಳ ದಾಳಿಗಳು ವಿಫಲವಾದವು. ಅಲ್ಲಿ ದಂಡನಾಯಕರಾಗಿದ್ದವರು ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಟ್ಯಾಂಕನ್ನೇ ಮೇಲಕ್ಕೆ ಹತ್ತಿಸೋಣ ಅಂತ ತೀರ್ಮಾನವಾಯಿತು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಎರಡನೇ ಮಹಾಯುದ್ಧದ ಹಳೆಯ ಹಗುರ ಟ್ಯಾಂಕುಗಳು. ದಾರಿಯ ಸೇತುವೆಗಳು ಬಡಕಲು. ಅದಕ್ಕೆ ಟ್ಯಾಂಕಿನ ಗೋಪುರವನ್ನೇ ಬಿಚ್ಚಿ ಬೇರೆಯಾಗಿ ಸಾಗಿಸಿದರು. ಕಣಿವೆಯ ಕಡಿದಾದ ದಾರಿಯನ್ನು ಟ್ಯಾಂಕು ಹತ್ತುವಂತೆ ಅಗಲಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್. ಹೆಸರು ಈ ಊರಿನದು, ಅವರ ಕೇಂದ್ರ ಬೆಂಗಳೂರಿನದು. ಕಾರ್ಯಾಚರಣೆಯ ಮೊದಲ ಹೆಸರು 'ಡಕ್'. ಪಶ್ಚಿಮ ವಿಭಾಗದ ಮುಖ್ಯಸ್ಥರಾಗಿದ್ದ ಕೆ. ಎಂ. ಕಾರಿಯಪ್ಪ, ಅವರೂ ಕೊಡಗಿನವರೇ, ಅದನ್ನು 'ಬೈಸನ್' ಅಂತ ಬದಲಿಸಿದರು. ಬಾತುಕೋಳಿ ಹೋಗಿ ಕಾಟಿ ಬಂತು! 1948ರ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ಆ ಎತ್ತರದಲ್ಲಿ ಟ್ಯಾಂಕು ಬರಬಹುದು ಅಂತ ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಕಣಿವೆ ನಮ್ಮದಾಯಿತು.

ಇಷ್ಟು ಗೊತ್ತಿದ್ದ ದೇಶ ಆಮೇಲೆ ಏನು ಮಾಡಿತು? 1962ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಹಗುರ ಎಎಂಎಕ್ಸ್-13 ಟ್ಯಾಂಕುಗಳನ್ನು ಆನ್-12 ವಿಮಾನದಲ್ಲಿ ಚುಶೂಲಿಗೆ ಇಳಿಸಿತು. ಅಂದರೆ ಬೆಟ್ಟಕ್ಕೆ ಹಗುರ ಟ್ಯಾಂಕು ಬೇಕು ಅನ್ನುವುದು ಎರಡನೆಯ ಸಲವೂ ಗೊತ್ತಾಯಿತು. ಆಮೇಲೆ ಆ ಟ್ಯಾಂಕುಗಳಿಗೆ ವಯಸ್ಸಾಯಿತು, ನಿವೃತ್ತಿಯಾಯಿತು. ಅವುಗಳ ಜಾಗಕ್ಕೆ ಯಾರೂ ಬರಲಿಲ್ಲ. 2020ರಲ್ಲಿ ಗಾಲ್ವಾನ್ ಆದಾಗ ಲಡಾಖಿನ ಎತ್ತರಕ್ಕೆ ಏರಿಸಬೇಕಾಗಿ ಬಂದದ್ದು ನಲವತ್ತು ಟನ್ ದಾಟಿದ ಟಿ-72, ಟಿ-90ಗಳನ್ನೇ. ಅಲ್ಲಿ ಗಾಳಿ ತೆಳು, ಇಂಜಿನ್ನಿಗೂ ಏದುಸಿರು. ಹತ್ತಿಸಿದರು, ನಿಜ. ನಮ್ಮವರು ಏನನ್ನಾದರೂ ಹತ್ತಿಸುತ್ತಾರೆ. 25 ಟನ್ನಿನ 'ಜೋರಾವರ್' ಹಗುರ ಟ್ಯಾಂಕಿನ ಮೊದಲ ರೂಪ ಹಜೀರಾದಲ್ಲಿ ಕಾಣಿಸಿದ್ದು 2024ರ ಜುಲೈನಲ್ಲಿ. ಅದೇ ಡಿಸೆಂಬರಿನಲ್ಲಿ 4,200 ಮೀಟರಿಗಿಂತ ಮೇಲೆ ಅದು ಗುಂಡು ಹಾರಿಸಿ ತೋರಿಸಿತು. ಸಂತೋಷ. ಆದರೆ ತಿಮ್ಮಯ್ಯನವರ ಟ್ಯಾಂಕಿಗೂ ಇದಕ್ಕೂ ನಡುವೆ 76 ವರ್ಷ. ಅಷ್ಟು ಕಾಲ ನಾವು ಮರೆತದ್ದು ನಮ್ಮದೇ ಅನುಭವವನ್ನು.

ಹೋಗುವ ಪ್ರಶ್ನೆಯ ಇನ್ನೊಂದು ಮುಖ ಇಂಜಿನ್. ಟಿ-72ರದು 780 ಕುದುರೆ ಶಕ್ತಿ, ತೂಕ 41 ಟನ್. ಟನ್ನಿಗೆ 19 ಕುದುರೆ. 2025ರ ಮಾರ್ಚ್‌ನಲ್ಲಿ ರಷ್ಯದ ಜೊತೆ 24.8 ಕೋಟಿ ಡಾಲರಿನ ಒಪ್ಪಂದವಾಗಿ, 1,000 ಕುದುರೆಯ ಇಂಜಿನ್ನುಗಳನ್ನು ತರಿಸಿ, ತಂತ್ರಜ್ಞಾನವನ್ನು ಆವಡಿಗೆ ಕೊಡುವುದು ಅಂತ ನಿಶ್ಚಯವಾಯಿತು. ಟನ್ನಿಗೆ 24 ಕುದುರೆಯಾಗುತ್ತದೆ. ಒಳ್ಳೆಯದೇ. ಇನ್ನೂ ಒಳ್ಳೆಯ ಸುದ್ದಿ ನಮ್ಮ ಮೈಸೂರಿನದು. 2024ರ ಮಾರ್ಚ್ 20ರಂದು ಅಲ್ಲಿಯ ಬಿಇಎಂಎಲ್ ಇಂಜಿನ್ ವಿಭಾಗದಲ್ಲಿ ನಮ್ಮದೇ ವಿನ್ಯಾಸದ 1,500 ಕುದುರೆಯ ಟ್ಯಾಂಕ್ ಇಂಜಿನ್ನು ಮೊದಲ ಸಲ ಪರೀಕ್ಷೆಗಾಗಿ ಹೊತ್ತಿಕೊಂಡಿತು. 'ಅರ್ಜುನ್' ಇಷ್ಟು ಕಾಲವೂ ಓಡಿದ್ದು ಜರ್ಮನಿಯ ಇಂಜಿನ್ನಿನಲ್ಲಿ. ಇಂಜಿನ್ನು ಬೇರೆಯವರದಾದರೆ ನಾವು ಯಾವಾಗ ಹೊರಡಬೇಕು ಅನ್ನುವುದನ್ನೂ ಅವರನ್ನು ಕೇಳಬೇಕಾಗುತ್ತದೆ. ಮೈಸೂರಿನ ಆ ಇಂಜಿನ್ನು ಪರೀಕ್ಷೆಯ ಕೊಠಡಿಯಿಂದ ಟ್ಯಾಂಕಿನ ಹೊಟ್ಟೆಗೆ ಬರುವುದು ಇನ್ನೂ ದೂರದ ದಾರಿ. ಆದರೆ ದಾರಿ ಸರಿಯಾಗಿದೆ.

ಮೂರನೆಯದು, ಬದುಕಿ ಬರುವ ಮಾತು. ಕಷ್ಟದ ಮಾತೂ ಇದೇ. ಉಕ್ರೇನಿನ ಚಿತ್ರಗಳಲ್ಲಿ ಟಿ-72ರ ಗೋಪುರ ಬಾಟಲಿಯ ಬಿರಡೆಯ ಹಾಗೆ ಹಾರಿ ದೂರ ಬಿದ್ದಿರುವುದನ್ನು ಎಲ್ಲರೂ ನೋಡಿದ್ದೀರಿ. ನಗುವ ಚಿತ್ರವಲ್ಲ ಅದು. ಟಿ-72ರಲ್ಲಿ ಗುಂಡು ತುಂಬಲು ನಾಲ್ಕನೆಯ ಆಳಿಲ್ಲ, ಯಂತ್ರವೇ ತುಂಬುತ್ತದೆ. ಆ ಯಂತ್ರದ ತಿರುಗುವ ತಟ್ಟೆಯಲ್ಲಿ 22 ಗುಂಡುಗಳೂ ಮದ್ದೂ ಜವಾನರ ಕಾಲಡಿಯಲ್ಲೇ ಇರುತ್ತವೆ. ಉಳಿದವು ಸುತ್ತಮುತ್ತ. ಹೀಗಾಗಿ ಟ್ಯಾಂಕು ಗಿಡ್ಡವಾಯಿತು, ಹಗುರವಾಯಿತು, ಶತ್ರುವಿನ ಗುರಿಗೆ ಚಿಕ್ಕದಾಯಿತು. ಆದರೆ ಕವಚ ತೂತಾಗಿ ಮದ್ದಿಗೆ ಬೆಂಕಿ ತಗುಲಿದರೆ ಒಳಗಿನ ಮೂವರಿಗೂ ಉಳಿಗಾಲವಿಲ್ಲ. ಟಿ-90ರದೂ ಅದೇ ಮನೆತನ. ಅಮೆರಿಕದವರು ತಮ್ಮ ಟ್ಯಾಂಕಿನಲ್ಲಿ ಗುಂಡುಗಳನ್ನು ಗೋಪುರದ ಹಿಂಭಾಗದ ಬೇರೆ ಕೋಣೆಯಲ್ಲಿಟ್ಟು, ನಡುವೆ ಉಕ್ಕಿನ ಬಾಗಿಲು ಹಾಕಿ, ಸ್ಫೋಟವಾದರೆ ಮೇಲಿನ ಮುಚ್ಚಳ ಹಾರಿ ಬೆಂಕಿ ಆಕಾಶಕ್ಕೆ ಹೋಗುವಂತೆ ಮಾಡಿದರು. 1973ರ ಯುದ್ಧದಲ್ಲಿ ಜನ ಕಳೆದುಕೊಂಡ ಇಸ್ರೇಲು 1979ರಲ್ಲಿ ಸೇನೆಗೆ ತಂದ 'ಮೆರ್ಕಾವಾ'ದಲ್ಲಿ ಇಂಜಿನ್ನನ್ನೇ ಮುಂದಕ್ಕೆ ಇಟ್ಟಿತು. ಬಂದ ಏಟು ಮೊದಲು ಇಂಜಿನ್ನಿಗೆ ಬೀಳಲಿ, ಮನುಷ್ಯ ಹಿಂದಿನ ಬಾಗಿಲಿನಿಂದ ಇಳಿದು ಓಡಲಿ ಅಂತ. ಅವರ ರಾಜಕೀಯ ನಮಗೆ ಒಪ್ಪಿಗೆಯಾಗಲಿ ಬಿಡಲಿ, ಆ ಟ್ಯಾಂಕಿನ ನಕ್ಷೆ ಬರೆದವನು ಒಳಗೆ ಕೂತವನನ್ನು ನೆನೆದು ಬರೆದಿದ್ದಾನೆ.

ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಒಂದು ಉತ್ತರ ಸಿಗುತ್ತದೆ. "ಯಂತ್ರ ಮುಖ್ಯವಲ್ಲ ಸ್ವಾಮಿ, ಯಂತ್ರದ ಹಿಂದಿನ ಮನುಷ್ಯ ಮುಖ್ಯ. 1965ನ್ನು ನೆನಪಿಸಿಕೊಳ್ಳಿ." ಸರಿ, ನೆನಪಿಸಿಕೊಳ್ಳೋಣ. ಆ ವರ್ಷದ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಹೊಸ ಪ್ಯಾಟನ್ ಟ್ಯಾಂಕುಗಳ ಎದುರು ನಮ್ಮ ಕೈಲಿದ್ದದ್ದು ಸೆಂಚುರಿಯನ್ನುಗಳು ಮತ್ತು ಹಳೆಯ ಶರ್ಮನ್ನುಗಳು. ನಮ್ಮವರು ಕಾಲುವೆಯ ನೀರನ್ನು ಹೊಲಗಳಿಗೆ ಬಿಟ್ಟರು. ಕಬ್ಬಿನ ಗದ್ದೆಗಳಲ್ಲಿ ಅಡಗಿ ಕಾದರು. ಪ್ಯಾಟನ್ನುಗಳು ಕೆಸರಿನಲ್ಲಿ ಹೂತವು. ನೂರರ ಹತ್ತಿರ ಟ್ಯಾಂಕುಗಳನ್ನು ಪಾಕಿಸ್ತಾನ ಕಳೆದುಕೊಂಡಿತು. ಸಿಕ್ಕಿಬಿದ್ದವನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಂತು. ಹೊಸ ಟ್ಯಾಂಕು ಕೊಂಡರೆ ಸಾಲದು, ನೆಲ ಗೊತ್ತಿರಬೇಕು, ಕೈ ಪಳಗಿರಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಅದೇ ಯುದ್ಧಭೂಮಿಯಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಇದ್ದರು. ತೆರೆದ ಜೀಪಿನ ಮೇಲೆ ಕಟ್ಟಿದ ತೋಪಿನಿಂದ ಟ್ಯಾಂಕಿನ ಮೇಲೆ ಟ್ಯಾಂಕು ಹೊಡೆದರು. ಕೊನೆಗೆ ಎದುರಿನ ಟ್ಯಾಂಕಿನ ಗುಂಡಿಗೆ ಬಲಿಯಾದರು. ಪರಮವೀರ ಚಕ್ರ ಕೊಟ್ಟೆವು. ಪಾಠಪುಸ್ತಕಗಳಲ್ಲಿ ಹಾಕಿದೆವು. ಹಾಕಬೇಕಾದದ್ದೇ. ಆದರೆ ಗೆಳೆಯರೇ, ಆ ಜೀಪಿಗೆ ಕವಚವಿರಲಿಲ್ಲ ಅನ್ನುವುದನ್ನೂ ಪಾಠದ ಕೊನೆಯಲ್ಲಿ ಒಂದು ಸಾಲು ಸೇರಿಸಬಾರದೇ? ಶೂರರ ಕತೆ ಹೇಳುವಾಗ ನಮ್ಮ ಗಂಟಲು ಕಟ್ಟುತ್ತದೆ, ಆ ಸಂಭ್ರಮದಲ್ಲಿ ಮೇಲಿನವರ ತಡ, ಉದಾಸೀನ ಎಲ್ಲ ಮುಚ್ಚಿಹೋಗುತ್ತದೆ. ಕಡತ ಮಾಡಬೇಕಾದ ಕೆಲಸವನ್ನು ಧೈರ್ಯದ ಕೈಲಿ ಮಾಡಿಸುವುದು ದೇಶಪ್ರೇಮ ಅಲ್ಲ. ನನ್ನ ಕೋಪವೆಲ್ಲ ಇರುವುದು ಇಲ್ಲೇ.

ಕಡತದ ಮಾತು ಬಂದಮೇಲೆ 'ಅರ್ಜುನ್' ಬಗ್ಗೆ ಹೇಳಲೇಬೇಕು. ಯೋಜನೆಗೆ ಮಂಜೂರಾತಿ 1974ರಲ್ಲಿ. ಸೈನ್ಯದ ಕೈಗೆ ಮೊದಲ ಕಂತು ಬಂದದ್ದು 2004ರಲ್ಲಿ. ಮೂವತ್ತು ವರ್ಷ! ಅಷ್ಟರಲ್ಲಿ ಬೇಡಿಕೆಗಳು ಬದಲಾದವು, ತೋಪು ಬದಲಾಯಿತು, ತೂಕ 58 ಟನ್ನಿಗೆ ಏರಿತು. ಸದ್ಯಕ್ಕೆ ಇರಲಿ ಅಂತ ತಂದ ಟಿ-72 ಖಾಯಂ ಆಗಿ ಕೂತುಬಿಟ್ಟಿತು, ನಮ್ಮ ಕಡೆ ನಾಲ್ಕು ದಿನಕ್ಕೆ ಅಂತ ಬಂದ ನೆಂಟರ ಹಾಗೆ. ಅರ್ಜುನ್ ಕೊನೆಗೆ ಕೆಟ್ಟ ಟ್ಯಾಂಕಾಗಲಿಲ್ಲ. ಆದರೆ 124 ಕಟ್ಟಿ ಮುಗಿಸಿದ ಮೇಲೆ ಮುಂದಿನ 118 ಸುಧಾರಿತ ಟ್ಯಾಂಕುಗಳಿಗೆ 7,523 ಕೋಟಿ ರೂಪಾಯಿಯ ಆದೇಶ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ನಡುವಿನ ವರ್ಷಗಳಲ್ಲಿ ಆ ಕೆಲಸ ಕಲಿತ ಕೈಗಳು ಏನು ಮಾಡಬೇಕು? ಟ್ಯಾಂಕು ಕಟ್ಟುವುದು ಸಂಗೀತದ ಹಾಗೆ, ಸಾಧಕ ಬಿಟ್ಟರೆ ಶಾರೀರ ಹೋಗುತ್ತದೆ. ಹೊಸ ಟ್ಯಾಂಕು 68 ಟನ್. ಪಂಜಾಬಿನ ಎಷ್ಟು ಸೇತುವೆಗಳು ಅದನ್ನು ಹೊರುತ್ತವೆ ಅನ್ನುವ ಪ್ರಶ್ನೆ ಬೇರೆ.

ಈಗ ಮತ್ತೊಂದು ಕನಸು ಹುಟ್ಟಿದೆ. ಟಿ-72ಗಳ ಜಾಗಕ್ಕೆ ಮುಂದಿನ ತಲೆಮಾರಿನ ಸುಮಾರು 1,770 ಟ್ಯಾಂಕುಗಳ ಯೋಜನೆ. 2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ಮೊದಲ ಹಂತದ ಒಪ್ಪಿಗೆ ಸಿಕ್ಕಿತು. ನನಗೆ ಭಯವಿರುವುದು ಈ ಕನಸಿನ ಬಗ್ಗೆಯೇ. ಎಲ್ಲ ಗುಣಗಳೂ ಇರುವ ಟ್ಯಾಂಕು ಬರುತ್ತದೆ ಅಂತ ಕಾಯುತ್ತ ಕೂತರೆ, ಇವತ್ತು ಟಿ-72ರಲ್ಲಿ ಕೂತಿರುವ ಹುಡುಗ ಏನು ಮಾಡಬೇಕು? ಸಕಲಗುಣಸಂಪನ್ನ ವರನಿಗಾಗಿ ಕಾದು ಮದುವೆಯೇ ಆಗದೆ ಉಳಿದ ಕತೆ ನಮ್ಮ ಮನೆಗಳಲ್ಲಿ ಇಲ್ಲವೇ?

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ಇನ್ನು ಹತ್ತು ವರ್ಷ ಇಟ್ಟುಕೊಳ್ಳಬೇಕಾದ ಪ್ರತಿ ಹಳೆಯ ಟ್ಯಾಂಕಿಗೂ ಮೊದಲು ಕಣ್ಣು ಕೊಡಿ, ತೋಪುಗಾರನಿಗೆ ಮಾತ್ರವಲ್ಲ, ಚಾಲಕನಿಗೂ ನಾಯಕನಿಗೂ. ಇಂಜಿನ್ನಿನ ಕೆಲಸ ಜೊತೆಗೇ ನಡೆಯಲಿ. ಕಾಲಡಿಯ ಮದ್ದಿನ ದೋಷ ಟಿ-72ರ ಹುಟ್ಟುಗುಣ, ರಿಪೇರಿಗೆ ಬಗ್ಗುವುದಿಲ್ಲ ಅಂತ ಒಪ್ಪಿಕೊಂಡು, ಅವನ್ನು ವರ್ಷಕ್ಕೆ ಇಷ್ಟು ಅಂತ ನಿವೃತ್ತಿ ಮಾಡುತ್ತ ಬನ್ನಿ. ಹೊಸದನ್ನು ಒಂದೇ ಸಲ ಸಾವಿರಾರು ಕೊಳ್ಳುವ ಬದಲು ಸಣ್ಣ ಸಣ್ಣ ಕಂತಿನಲ್ಲಿ, ನಿಲ್ಲಿಸದೆ, ಪ್ರತಿ ಕಂತನ್ನೂ ಹಿಂದಿನದಕ್ಕಿಂತ ಸುಧಾರಿಸುತ್ತ ಕಟ್ಟಿ. ನಕ್ಷೆ ಮೇಜಿನ ಮೇಲೆ ಇರುವಾಗಲೇ ನನ್ನ ಮಾವನಂಥ ಚಾಲಕರನ್ನು ಕರೆದು ಕೂರಿಸಿ ಕೇಳಿ.

ಇನ್ನು ಆ ಮೂವರಿಗೆ ಉತ್ತರ. ಟ್ಯಾಂಕಿನ ಕಾಲ ಮುಗೀತು ಅಂದವನಿಗೆ: ಮುಗಿದದ್ದು ಕುರುಡಾಗಿ ಒಂಟಿಯಾಗಿ ಹೋಗುವ ಟ್ಯಾಂಕಿನ ಕಾಲ. ಉಕ್ರೇನಿನ ಎರಡೂ ಕಡೆಯವರು ಸುಟ್ಟದ್ದಕ್ಕೆ ಅತ್ತು, ಮತ್ತೆ ಟ್ಯಾಂಕು ಬೇಕು ಅಂತಲೇ ಕೇಳಿದರು. ಯಾಕೆ, ಯೋಚಿಸು. ಅತ್ಯುತ್ತಮವೇ ಬೇಕು ಅಂದವನಿಗೆ: ಅಸಲ್ ಉತ್ತರ್‌ನಲ್ಲಿ ಅತ್ಯುತ್ತಮ ಇದ್ದದ್ದು ಯಾರ ಕೈಯಲ್ಲಿ? ಶಾಲೆ ಕಟ್ಟಿ ಅಂದವಳಿಗೆ ಉತ್ತರ ಕೊಡುವುದು ನನಗೆ ಕಷ್ಟ. ನೀನು ಹೇಳಿದ್ದು ನಿಜ. ಒಂದು ಸುಧಾರಿತ ಅರ್ಜುನ್‌ಗೆ ಸುಮಾರು 64 ಕೋಟಿ ಬೀಳುತ್ತದೆ, ಎಷ್ಟು ಶಾಲೆ ಅನ್ನುವ ಲೆಕ್ಕ ನನಗೂ ಬರುತ್ತದೆ. ಟ್ಯಾಂಕೇ ಬೇಡದ ಲೋಕ ನಿನ್ನ ಹಾಗೆ ನನಗೂ ಬೇಕು. ಆದರೆ ಅದು ಬರುವವರೆಗೆ ನಾವು ನಮ್ಮ ಹೆಸರಿನಲ್ಲಿ ಹುಡುಗರನ್ನು ಆ ಹಂಡೆಯೊಳಗೆ ಕೂರಿಸುತ್ತಿದ್ದೇವೆ. ಕೂರಿಸಿದ ಮೇಲೆ, ಅವರಿಗೆ ಹೊರಗೆ ಕಾಣುವ ಹಾಗೆ ಮಾಡುವ ಋಣವೂ ನಮ್ಮದೇ.

ಮೊನ್ನೆ ಊರಿಗೆ ಫೋನು ಮಾಡಿದಾಗ ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿ, "ಸೀಟಿನ ಬಗ್ಗೆ ಏನೂ ಬರೆದಿಲ್ಲವಲ್ಲೋ" ಅಂದರು. ಅವರ ಸೊಂಟನೋವು ಇನ್ನೂ ಹೋಗಿಲ್ಲ. ಅದನ್ನೂ ಸೇರಿಸಿದ್ದೇನೆ.

ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಕಾಫಿ ತಣ್ಣಗಾಗುವ ಭಯವಿಲ್ಲದೆ ಜಗಳ ಆಡೋಣ.